ಮೈಕಿನ ಹಿಂದಿದ್ದವರ ಸಾಕ್ಷ್ಯ

ಬೀಟಲ್ಸ್ ತಂಡದ ಬಗ್ಗೆ ಬಂದಿರುವ ಪುಸ್ತಕಗಳಿಗೆ ಲೆಕ್ಕವಿಲ್ಲ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಎಂಬ ಲಿವರ್‌ಪೂಲಿನ ಆ ನಾಲ್ವರ ಬಾಲ್ಯ, ಪ್ರೇಮ, ಜಗಳ, ಹೃಷಿಕೇಶದ ಧ್ಯಾನ ಎಲ್ಲವೂ ಅವುಗಳಲ್ಲಿ ಸಿಗುತ್ತದೆ. ಆ ಹಾಡುಗಳು ಹಾಗೇ ಏಕೆ ಕೇಳಿಸುತ್ತವೆ ಎಂಬ ಪ್ರಶ್ನೆಗೆ ಮಾತ್ರ ಹೆಚ್ಚಿನವುಗಳಲ್ಲಿ ಉತ್ತರವಿಲ್ಲ. ಆ ಉತ್ತರ ಗೊತ್ತಿದ್ದವರು ಗಾಜಿನ ಆಚೆ, ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಧ್ವನಿಮುದ್ರಣದ ಎಂಜಿನಿಯರುಗಳು. ಅವರಲ್ಲಿ ಮುಖ್ಯರು ಜೆಫ್ ಎಮೆರಿಕ್. ಹದಿಹರೆಯದ ಹುಡುಗನಾಗಿ 1962ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಅಬ್ಬೆ ರೋಡಿನಲ್ಲಿದ್ದ ಇಎಂಐ ಸ್ಟುಡಿಯೋಗೆ ಸಹಾಯಕರಾಗಿ ಸೇರಿದ ಅವರು 1966ರ ಏಪ್ರಿಲಿನಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಜಗತ್ತಿನ ಅತಿ ಪ್ರಸಿದ್ಧ ರಾಕ್ ತಂಡದ ಧ್ವನಿಮುದ್ರಣದ ಹೊಣೆ ಹೊತ್ತರು. ‘ರಿವಾಲ್ವರ್’, ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’, ‘ಅಬ್ಬೆ ರೋಡ್’ ಆಲ್ಬಮ್ಮುಗಳ ಮುದ್ರಣದಲ್ಲಿ ಅವರದು ಮುಖ್ಯ ಕೈ. 2006ರಲ್ಲಿ ಹೊವರ್ಡ್ ಮ್ಯಾಸಿ ಎಂಬ ಲೇಖಕರ ಜೊತೆ ಸೇರಿ ‘ಹಿಯರ್, ದೇರ್ ಅಂಡ್ ಎವೆರಿವೇರ್’ ಎಂಬ ಹೆಸರಿನಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. 2018ರಲ್ಲಿ ತೀರಿಕೊಂಡರು.

ಈ ಪುಸ್ತಕವನ್ನು ಹಲವರು ಕಣ್ಣಿಗೊತ್ತಿಕೊಂಡರು, ಇನ್ನು ಕೆಲವರು ಪಕ್ಷಪಾತದ್ದೆಂದು ತಳ್ಳಿಹಾಕಿದರು. ಎರಡೂ ಸರಿಯಲ್ಲ ಎಂಬುದು ನನ್ನ ವಾದ. ತಂತ್ರಜ್ಞನೊಬ್ಬ ಬರೆದ ನೆನಪನ್ನು ಇಡಿಯಾಗಿ ನಂಬುವುದು ಅಥವಾ ಇಡಿಯಾಗಿ ಬಿಡುವುದು ಎಂಬ ಆಯ್ಕೆಯೇ ತಪ್ಪು. ಅವರ ಕೈ ಯಾವುದನ್ನು ಮುಟ್ಟಿತ್ತೋ ಅದರ ಬಗ್ಗೆ ಅವರಷ್ಟು ಒಳ್ಳೆಯ ಸಾಕ್ಷಿ ಬೇರೊಬ್ಬರಿಲ್ಲ. ಅವರ ಕಣ್ಣು ಮಾತ್ರ ಕಂಡದ್ದರ ಬಗ್ಗೆ, ಅಂದರೆ ಯಾರು ಸಿಡುಕಿದರು, ಯಾರಿಗೆ ಪ್ರತಿಭೆ ಸಾಲದಾಗಿತ್ತು ಎಂಬುದರ ಬಗ್ಗೆ, ಅವರೂ ಆ ಕೋಣೆಯಲ್ಲಿದ್ದ ಹಲವರಲ್ಲಿ ಒಬ್ಬರು, ಅಷ್ಟೆ. ಈ ಎರಡನ್ನೂ ಬೇರೆಬೇರೆಯಾಗಿ ಓದಿಕೊಂಡರೆ ಪುಸ್ತಕದ ನಿಜವಾದ ಬೆಲೆ ತಿಳಿಯುತ್ತದೆ.

ಮೊದಲು ಕೈ ಮುಟ್ಟಿದ್ದರ ಮಾತು. 1965ರ ಕೊನೆಯಲ್ಲಿ ಬಂದ ‘ರಬರ್ ಸೋಲ್’ವರೆಗೆ ಬೀಟಲ್ಸ್‌ನ ಎಂಜಿನಿಯರ್ ಆಗಿದ್ದವರು ನಾರ್ಮನ್ ಸ್ಮಿತ್. ಅವರಿಗೆ ನಿರ್ಮಾಪಕರಾಗಿ ಬಡ್ತಿ ಸಿಕ್ಕಿದ ಮೇಲೆ ಎಮೆರಿಕ್ ಆ ಕುರ್ಚಿಗೆ ಬಂದರು. ಡ್ರಮ್ಮು ಬಾರಿಸುವವರು ಅದೇ ರಿಂಗೊ, ನಿರ್ಮಾಪಕರು ಅದೇ ಜಾರ್ಜ್ ಮಾರ್ಟಿನ್, ಕಟ್ಟಡವೂ ಅದೇ. ಆದರೆ ‘ರಬರ್ ಸೋಲ್’ ಮುಗಿಸಿ ‘ರಿವಾಲ್ವರ್’ ಹಾಕಿದರೆ ಡ್ರಮ್ಮು ಹಿಂದಿನ ಗೋಡೆಯ ಬದಿಯಿಂದ ಎದ್ದು ಬಂದು ನಮ್ಮ ಎದೆಯ ಮುಂದೆ ನಿಂತ ಹಾಗೆ ಕೇಳಿಸುತ್ತದೆ. ಇದು ಹೇಗಾಯಿತು ಎಂಬುದಕ್ಕೆ ಎಮೆರಿಕ್ ಕೊಡುವ ವಿವರಣೆ ಅತ್ಯಂತ ನಿರ್ದಿಷ್ಟ. ಕಾಲಿನಲ್ಲಿ ಬಾರಿಸುವ ದೊಡ್ಡ ಬೇಸ್ ಡ್ರಮ್ಮಿಗೆ ಮೈಕನ್ನು ತೀರಾ ಹತ್ತಿರ ಇಡಕೂಡದು, ಗಾಳಿಯ ಹೊಡೆತಕ್ಕೆ ಮೈಕಿನ ಒಳಗಿನ ತೆಳು ಪದರ ಹಾಳಾಗುತ್ತದೆ ಎಂಬ ಕಟ್ಟುಪಾಡು ಇಎಂಐನಲ್ಲಿತ್ತು. ರಿಪೇರಿಯ ಸಿಬ್ಬಂದಿ ಬಿಳಿ ಕೋಟು ತೊಟ್ಟು, ಎಂಜಿನಿಯರುಗಳು ಟೈ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದ ಸಂಸ್ಥೆ ಅದು, ಕಟ್ಟುಪಾಡೆಂದರೆ ಕಟ್ಟುಪಾಡೇ. ಎಮೆರಿಕ್ ಮೈಕನ್ನು ಡ್ರಮ್ಮಿನಿಂದ ಕೆಲವೇ ಅಂಗುಲದಷ್ಟು ದೂರಕ್ಕೆ ತಂದರು. ಡ್ರಮ್ಮಿನ ಗುಂಯ್‌ಗುಡುವಿಕೆ ತಗ್ಗಲೆಂದು ಅದರ ಒಳಗೆ ಒಂದು ಉಣ್ಣೆಯ ಸ್ವೆಟರ್ ತುರುಕಿದರು. ಅದು ಸಾಮಾನ್ಯ ಸ್ವೆಟರ್ ಅಲ್ಲ. ನಾಲ್ವರೂ ಒಟ್ಟಿಗೆ ತೊಟ್ಟು ಫೋಟೊ ತೆಗೆಸಿಕೊಂಡಿದ್ದ, ನಾಲ್ಕು ಕುತ್ತಿಗೆಗಳಿದ್ದ ಸ್ವೆಟರ್. ಆಮೇಲೆ ಆ ಸದ್ದನ್ನು ಫೇರ್‌ಚೈಲ್ಡ್ ಎಂಬ ವಾಲ್ವಿನ ಲಿಮಿಟರ್ ಯಂತ್ರದ ಮೂಲಕ ಹಾಯಿಸಿದರು. ದೊಡ್ಡ ಸದ್ದನ್ನು ಅದುಮಿ ಹಿಡಿಯುವುದು ಆ ಯಂತ್ರದ ಕೆಲಸ. ಹಾಗೆ ಅದುಮಿದಾಗ ಪೆಟ್ಟಿನ ಹಿಂದೆ ಬರುವ ಸಣ್ಣ ಅನುರಣನವೂ ಮೇಲೆದ್ದು, ಇಡೀ ಡ್ರಮ್ಮು ಉಸಿರಾಡಿದಂತೆ ಕೇಳುತ್ತದೆ.

ಈ ವಿವರಕ್ಕೆ ನಾನು ಬೆಲೆ ಕೊಡುವುದಕ್ಕೆ ಕಾರಣವಿದೆ. ಸ್ವೆಟರಿನ ಕಥೆಯನ್ನು ಎಮೆರಿಕ್ 2006ರಲ್ಲಿ ಹೊಸದಾಗಿ ಹೇಳಲಿಲ್ಲ. ಇತಿಹಾಸಕಾರ ಮಾರ್ಕ್ ಲೂಯಿಸನ್ ಇಎಂಐನ ಟೇಪುಗಳನ್ನೂ ಕಡತಗಳನ್ನೂ ಜಾಲಾಡಿ 1988ರಲ್ಲಿ ಪ್ರಕಟಿಸಿದ, ಬೀಟಲ್ಸ್ ಮುದ್ರಣದ ದಿನಚರಿಯಂಥ ಪುಸ್ತಕದಲ್ಲೂ ಅವರು ಇದನ್ನೇ ಹೇಳಿದ್ದಾರೆ. ಸುಮಾರು ಎರಡು ದಶಕಗಳ ಅಂತರದಲ್ಲಿ ಹೇಳಿಕೆ ಬದಲಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಲ್ಬಮ್ಮು ನಮ್ಮೆದುರಿಗಿದೆ. ಅವರು ಹೇಳಿದ ಕಾರಣಕ್ಕೂ ನಮ್ಮ ಕಿವಿಗೆ ಬೀಳುವ ಪರಿಣಾಮಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಆತ್ಮಕಥೆಗಳಲ್ಲಿ ಇಂಥ ಅನುಕೂಲ ಅಪರೂಪ. ರಾಜಕಾರಣಿಯೊಬ್ಬರು ತಾವು ಮುಚ್ಚಿದ ಬಾಗಿಲ ಹಿಂದೆ ಏನು ಹೇಳಿದೆವೆಂದು ಬರೆದರೆ ನಾವು ನಂಬಬೇಕು, ಇಲ್ಲವೇ ಬಿಡಬೇಕು. ಎಂಜಿನಿಯರನ ನೆನಪಿಗೆ ಟೇಪು ಎಂಬ ಎರಡನೇ ಸಾಕ್ಷಿ ಸದಾ ಹಾಜರಿರುತ್ತದೆ.

ಎಂಜಿನಿಯರಾಗಿ ಎಮೆರಿಕ್ ಬೀಟಲ್ಸ್ ಜೊತೆ ಕೂತ ಮೊದಲ ದಿನ 1966ರ ಏಪ್ರಿಲ್ 6. ಅಂದು ಹಿಡಿದ ಹಾಡು ‘ಟುಮಾರೊ ನೆವರ್ ನೋಸ್’. ದಲೈ ಲಾಮಾ ಬೆಟ್ಟದ ತುದಿಯಿಂದ ಮಂತ್ರ ಹೇಳಿದ ಹಾಗೆ ತನ್ನ ದನಿ ಕೇಳಬೇಕು ಎಂಬುದು ಲೆನನ್ ಅವರ ಬೇಡಿಕೆ. ಇದು ಕವಿಯ ಮಾತು. ಇದನ್ನು ಯಂತ್ರದ ಭಾಷೆಗೆ ಇಳಿಸಬೇಕಾದವರು ಎಂಜಿನಿಯರು. ಹ್ಯಾಮಂಡ್ ಆರ್ಗನ್ನಿನ ಜೊತೆ ಲೆಸ್ಲಿ ಎಂಬ ಸ್ಪೀಕರ್ ಪೆಟ್ಟಿಗೆಯನ್ನು ಬಳಸುತ್ತಿದ್ದರು. ಅದರೊಳಗೆ ಸದ್ದು ಹೊರಹೊಮ್ಮುವ ಕಹಳೆಯೇ ಗಿರಗಿರ ತಿರುಗುತ್ತದೆ. ಹಾಗಾಗಿ ಸ್ವರ ಹತ್ತಿರ ಬಂದು ದೂರ ಹೋದಂತೆ ಅಲೆಯುತ್ತದೆ. ಮನುಷ್ಯನ ದನಿಯನ್ನೇ ಅದರೊಳಗೆ ಬಿಟ್ಟು, ಪೆಟ್ಟಿಗೆಯ ಎದುರು ಮೈಕು ಇಟ್ಟು ಮತ್ತೆ ಹಿಡಿಯುವ ಉಪಾಯವನ್ನು ಅವರು ಮಾಡಿದರು. ಹಾಡಿನ ಉತ್ತರಾರ್ಧದಲ್ಲಿ ಲೆನನ್ ದನಿ ಕೇಳಿಸುವುದು ಹೀಗೆ. ಮರುದಿನ ಟೇಪಿನ ತುಂಡುಗಳ ಎರಡೂ ತುದಿ ಅಂಟಿಸಿ ಮಾಡಿದ ಲೂಪುಗಳನ್ನು ಕಟ್ಟಡದ ಬೇರೆಬೇರೆ ಕೋಣೆಗಳ ಯಂತ್ರಗಳಲ್ಲಿ ಏಕಕಾಲಕ್ಕೆ ಓಡಿಸಲಾಯಿತು. ಟೇಪು ಸಡಿಲವಾಗದಂತೆ ಸಿಬ್ಬಂದಿ ಪೆನ್ಸಿಲಿಗೆ ಸುತ್ತಿ ಬಿಗಿಯಾಗಿ ಹಿಡಿದು ನಿಂತಿದ್ದರು. ಕಂಟ್ರೋಲ್ ರೂಮಿನಲ್ಲಿ ಸದ್ದಿನ ಮಟ್ಟ ಹೆಚ್ಚುಕಡಿಮೆ ಮಾಡುವ ಫೇಡರುಗಳನ್ನು ಏರಿಸಿ ಇಳಿಸಿ ಆ ಸದ್ದುಗಳನ್ನು ಅಲ್ಲೇ ಹಾಡಿಗೆ ಬೆರೆಸಿದರು. ಆ ಬೆರಕೆಯನ್ನು ಅದೇ ರೀತಿ ಮತ್ತೊಮ್ಮೆ ಮಾಡಲು ಸಾಧ್ಯವೇ ಇರಲಿಲ್ಲ.

ಇಲ್ಲಿ ಆ ಕಾಲದ ತಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ಇಂದು ಸಣ್ಣ ಸ್ಟುಡಿಯೋದಲ್ಲೂ ನೂರು ಟ್ರ್ಯಾಕುಗಳಲ್ಲಿ ಒಂದೊಂದು ವಾದ್ಯವನ್ನೂ ಬೇರೆಯಾಗಿಟ್ಟು, ಬೇಡವೆನಿಸಿದರೆ ಆರು ತಿಂಗಳ ನಂತರವೂ ತಿದ್ದಬಹುದು. 1967ರ ‘ಸಾರ್ಜೆಂಟ್ ಪೆಪ್ಪರ್’ ತಯಾರಾದದ್ದು ನಾಲ್ಕೇ ಟ್ರ್ಯಾಕಿನ ಯಂತ್ರಗಳಲ್ಲಿ. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿಕೊಂಡು, ಉಳಿದ ಜಾಗದಲ್ಲಿ ಹೊಸದನ್ನು ಮುದ್ರಿಸಬೇಕಿತ್ತು. ಹೀಗೆ ಇಳಿಸಿದ್ದು ಹಾಲಿನಲ್ಲಿ ಕರಗಿದ ಸಕ್ಕರೆಯ ಹಾಗೆ, ಮತ್ತೆ ಬೇರೆ ಮಾಡುವಂತಿಲ್ಲ. ಪ್ರತಿ ಸಲ ಇಳಿಸಿದಾಗಲೂ ಟೇಪಿನ ಸುಯ್ ಎನ್ನುವ ಗದ್ದಲ ಒಂದಿಷ್ಟು ಹೆಚ್ಚುತ್ತಿತ್ತು. ಡ್ರಮ್ಮು ಎಷ್ಟಿರಬೇಕು, ಗಿಟಾರು ಎಷ್ಟು ಹಿಂದಿರಬೇಕು ಎಂಬುದನ್ನು, ಮುಂದೆ ಅದರ ಮೇಲೆ ಏನೇನು ಕೂರಲಿದೆ ಎಂದು ಕಿವಿಯಲ್ಲೇ ಊಹಿಸಿ, ಅವತ್ತೇ ತೀರ್ಮಾನಿಸಬೇಕಿತ್ತು. ಎಂಜಿನಿಯರನ ಅಭಿರುಚಿ ಹಾಡಿನ ಒಳಗೇ ಸೇರಿಹೋಗುತ್ತಿದ್ದುದು ಈ ಕಾರಣಕ್ಕೆ. 2022ರಲ್ಲಿ ‘ರಿವಾಲ್ವರ್’ ಹೊಸ ಮಿಕ್ಸಿಂಗ್‌ನೊಂದಿಗೆ ಬಂದಾಗ ಕಂಪ್ಯೂಟರಿನ ಸಹಾಯದಿಂದ ಹಳೆಯ ಟ್ರ್ಯಾಕುಗಳೊಳಗಿನ ವಾದ್ಯಗಳನ್ನು ಬಿಡಿಸಿದರು, ನಿಜ. ಅದಕ್ಕೆ ಐವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನಲ್ಲಿ ಈ ಅಭಿರುಚಿ ಮತ್ತು ಕೈಚಳಕ ಎರಡನ್ನೂ ಕೇಳಬಹುದು. ಆ ಹಾಡಿನ ಎರಡು ಮುದ್ರಣಗಳು ತಯಾರಾಗಿದ್ದವು: ನಿಧಾನಗತಿಯ ಏಳನೇ ಟೇಕು, ಮತ್ತು ಟ್ರಂಪೆಟ್-ಚೆಲ್ಲೊಗಳಿದ್ದ, ವೇಗವಾದ ಇಪ್ಪತ್ತಾರನೆಯದು. ಲೆನನ್‌ಗೆ ಮೊದಲನೆಯದರ ಆರಂಭವೂ ಎರಡನೆಯದರ ಮುಂದಿನ ಭಾಗವೂ ಬೇಕಿತ್ತು. ಎರಡರ ಲಯ ಬೇರೆ, ಶ್ರುತಿಯೂ ಬೇರೆ. ಟೇಪಿನ ಓಟ ಹೆಚ್ಚಿಸಿದರೆ ಲಯದ ಜೊತೆ ಶ್ರುತಿಯೂ ಏರುತ್ತದೆ, ತಗ್ಗಿಸಿದರೆ ಎರಡೂ ಇಳಿಯುತ್ತವೆ. ನಿಧಾನದ ಟೇಪನ್ನು ಸ್ವಲ್ಪ ಓಡಿಸಿ, ವೇಗದ್ದನ್ನು ಸ್ವಲ್ಪ ತಡೆದು, 1966ರ ಡಿಸೆಂಬರ್ 22ರಂದು ಮಾರ್ಟಿನ್ ಮತ್ತು ಎಮೆರಿಕ್ ಎರಡನ್ನೂ ಒಂದು ಶ್ರುತಿಗೆ ತಂದು, ಕತ್ತರಿಸಿ ಅಂಟಿಸಿದರು. ಹಾಡು ಶುರುವಾಗಿ ಸರಿಸುಮಾರು ಒಂದು ನಿಮಿಷಕ್ಕೆ ಆ ಬೆಸುಗೆ ಬರುತ್ತದೆ. ಇಂಟರ್‌ನೆಟ್ಟಿನಲ್ಲಿ ಹಾಡು ಹಾಕಿಕೊಂಡು ಕೇಳಿ: ಲೆನನ್ ದನಿ ಅಲ್ಲಿಂದ ಮುಂದೆ ಸ್ವಲ್ಪ ಭಾರವಾಗುತ್ತದೆ, ಮಂಪರು ಕವಿದಂತೆ. ಹಾಡಿನ ಕನಸಿನ ಗುಣ ಅರ್ಧ ಹುಟ್ಟಿದ್ದು ಈ ಓಟದ ಬದಲಾವಣೆಯಿಂದ.

ಕನ್ನಡದ ಓದುಗರಿಗೆ, ಅದರಲ್ಲೂ ಧಾರವಾಡ ಸೀಮೆಯ ಸಂಗೀತ ಕೇಳಿ ಬೆಳೆದವರಿಗೆ, ಹತ್ತಿರವೆನಿಸುವ ಉದಾಹರಣೆ ಬೇರೊಂದಿದೆ. 1967ರ ಮಾರ್ಚಿನಲ್ಲಿ ಹ್ಯಾರಿಸನ್ ‘ವಿದಿನ್ ಯು ವಿದೌಟ್ ಯು’ ಹಾಡನ್ನು ಲಂಡನ್ನಿನಲ್ಲಿದ್ದ ಭಾರತೀಯ ವಾದಕರ ಜೊತೆ ಮುದ್ರಿಸಿದರು. ತಬಲಾ, ದಿಲ್‌ರುಬಾ, ತಂಬೂರಿ, ಸ್ವರಮಂಡಲಗಳಿದ್ದ ಆ ಹಾಡಿನಲ್ಲಿ ಉಳಿದ ಮೂವರು ಬೀಟಲ್ಸ್ ನುಡಿಸಲೇ ಇಲ್ಲ. ಡ್ರಮ್ಮಿಗೆ ಮಾಡಿದಂತೆ ತಬಲಾಕ್ಕೂ ಎಮೆರಿಕ್ ಮೈಕನ್ನು ತೀರಾ ಹತ್ತಿರ ತಂದರು. ದಾಯಾಂದ ಚರ್ಮದ ಮೇಲೆ ಬೆರಳು ಬಿದ್ದ ಟಣತ್ಕಾರ, ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಹೊಟ್ಟೆಯೊಳಗಿಂದ ಬರುವ ಗುಂಕಾರ, ಎರಡೂ ಆ ಮುದ್ರಣದಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ತಬಲಾವನ್ನು ಅದುವರೆಗೆ ಯಾರೂ ಹಾಗೆ ಮುದ್ರಿಸಿರಲಿಲ್ಲ ಎಂಬ ಅರ್ಥದ ಮಾತನ್ನು ಎಮೆರಿಕ್ ಹೇಳಿದ್ದಾರೆ. ಅಬ್ಬೆ ರೋಡಿನ ಮಟ್ಟಿಗೆ ಆ ಮಾತನ್ನು ಒಪ್ಪಬಹುದು. ಆದರೆ ಆ ಹೊತ್ತಿಗೆ ಭಾರತದಲ್ಲಿ ಧ್ವನಿಮುದ್ರಣಕ್ಕೆ ಅರವತ್ತು ವರ್ಷ ದಾಟಿತ್ತು. ಮುಂಬೈ, ಕಲ್ಕತ್ತಾಗಳಲ್ಲಿ ಯಾರು ಯಾವ ಮೈಕನ್ನು ಎಲ್ಲಿಟ್ಟಿದ್ದರೆಂದು ಲಂಡನ್ನಿನ ಹುಡುಗನಿಗೆ ಗೊತ್ತಿರುವ ದಾರಿಯಿರಲಿಲ್ಲ. ನಾನು ಹೇಳುತ್ತಿರುವ ಗೆರೆ ಇಲ್ಲೇ ಕಾಣುತ್ತದೆ. ತಾವು ಮೈಕು ಎಲ್ಲಿಟ್ಟೆವೆಂಬುದು ಸಾಕ್ಷ್ಯ. ಬೇರೆ ಯಾರೂ ಇಟ್ಟಿರಲಿಲ್ಲವೆಂಬುದು ಅಭಿಪ್ರಾಯ.

ಈ ಎಲ್ಲದಕ್ಕೂ ಎದುರಾಗುವ ಮೊದಲ ಆಕ್ಷೇಪ: ಹಾಡು ಬರೆದವರು, ಹಾಡಿದವರು, ವಿಚಿತ್ರ ಬೇಡಿಕೆ ಇಟ್ಟವರು ಬೀಟಲ್ಸ್, ಎಂಜಿನಿಯರು ಹೇಳಿದ್ದನ್ನು ಮಾಡಿದರು, ಅದಕ್ಕೇಕೆ ಇಷ್ಟು ದೊಡ್ಡ ಸ್ಥಾನ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಟ್ಟುಪಾಡು ಮುರಿಯುವ ಧೈರ್ಯ ಎಮೆರಿಕ್‌ಗೆ ಬಂದದ್ದು ಬೆನ್ನಿಗೆ ಬೀಟಲ್ಸ್ ಇದ್ದದ್ದರಿಂದ. ಅಷ್ಟು ಹಣ ತರುತ್ತಿದ್ದ ತಂಡಕ್ಕೆ ಇಎಂಐ ಇಲ್ಲವೆನ್ನುವಂತಿರಲಿಲ್ಲ. ಹೊಳಹುಗಳೆಲ್ಲ ಅವರೊಬ್ಬರವೂ ಅಲ್ಲ. ಒಂದೇ ದನಿಯನ್ನು ಎರಡಾಗಿ ಕೇಳಿಸುವ ಉಪಾಯ, ಒಂದು ಟೇಪನ್ನು ಕೂದಲೆಳೆಯಷ್ಟು ತಡವಾಗಿ ಇನ್ನೊಂದರ ಜೊತೆ ಓಡಿಸುವುದು, ಅದೇ ಕಟ್ಟಡದ ತಾಂತ್ರಿಕ ಸಿಬ್ಬಂದಿಯಾಗಿದ್ದ ಕೆನ್ ಟೌನ್‌ಸೆಂಡ್ ಅವರದು. ಎಮೆರಿಕ್ ಇಲ್ಲದೆಯೂ ಅಲ್ಲಿನ ಇನ್ನೊಬ್ಬ ಎಂಜಿನಿಯರ್ ಕೆನ್ ಸ್ಕಾಟ್ ಮೊದಲಾದವರ ಕೈಯಲ್ಲಿ ಬೀಟಲ್ಸ್ ಒಳ್ಳೆಯ ಹಾಡುಗಳನ್ನು ಮುದ್ರಿಸಿದರು. ಆದರೆ ಇದರಿಂದ ಎಂಜಿನಿಯರನ ಕೆಲಸ ಕಿರಿದಾಗುವುದಿಲ್ಲ, ಒಬ್ಬನದಾಗಿದ್ದ ಶ್ರೇಯಸ್ಸು ಹಲವರಿಗೆ ಹಂಚಿಹೋಗುತ್ತದೆ, ಅಷ್ಟೇ. ಬೆಟ್ಟದ ಮೇಲಿನ ದಲೈ ಲಾಮಾ ಎಂಬ ಮಾತನ್ನು ತಿರುಗುವ ಸ್ಪೀಕರಿನವರೆಗೆ ತರುವುದು ಅಪ್ಪಣೆ ಪಾಲಿಸುವ ಕೆಲಸವಲ್ಲ. ‘ಸಾರ್ಜೆಂಟ್ ಪೆಪ್ಪರ್’ಗೂ ‘ಅಬ್ಬೆ ರೋಡ್’ಗೂ ಧ್ವನಿಮುದ್ರಣದ ಗ್ರ್ಯಾಮಿ ಪ್ರಶಸ್ತಿ ಎಮೆರಿಕ್‌ಗೆ ಬಂದದ್ದು ಸುಮ್ಮನೆ ಅಲ್ಲ.

ಎರಡನೇ ಆಕ್ಷೇಪ ಹೆಚ್ಚು ಗಂಭೀರ. ನಲವತ್ತು ವರ್ಷದ ನಂತರ, ಇನ್ನೊಬ್ಬ ಲೇಖಕರ ಸಹಾಯದಿಂದ ಬರೆದ ಪುಸ್ತಕದಲ್ಲಿ ಸಂಭಾಷಣೆಗಳು ನಿನ್ನೆ ನಡೆದಂತೆ ಉದ್ಧರಣ ಚಿಹ್ನೆಗಳೊಳಗೆ ಬರುತ್ತವೆ. ಯಾರಿಗೂ ಅಷ್ಟು ಮಾತು ಅಕ್ಷರಶಃ ನೆನಪಿರುವುದಿಲ್ಲ. ಅವರ ಸಹೋದ್ಯೋಗಿಯಾಗಿದ್ದ ಕೆನ್ ಸ್ಕಾಟ್ ಈ ಪುಸ್ತಕದ ಬಗ್ಗೆ ಬಹಿರಂಗವಾಗಿಯೇ ಆಕ್ಷೇಪಿಸಿದರು. ಪುಸ್ತಕದುದ್ದಕ್ಕೂ ಮೆಕಾರ್ಟ್ನಿ ಮೇಲೆ ಒಲವು, ಹ್ಯಾರಿಸನ್ ಬಗ್ಗೆ ಬಿಗುಮಾನ ಎದ್ದು ಕಾಣುತ್ತದೆ. ಎಮೆರಿಕ್ 1973ರಲ್ಲಿ ಮೆಕಾರ್ಟ್ನಿ ಜೊತೆ ನೈಜೀರಿಯಾದ ಲಾಗೋಸ್‌ಗೆ ಹೋಗಿ ‘ಬ್ಯಾಂಡ್ ಆನ್ ದ ರನ್’ ಮುದ್ರಿಸಿದವರು, ಮುಂದೆಯೂ ಅವರ ಜೊತೆ ಕೆಲಸ ಮಾಡಿದವರು. ಹ್ಯಾರಿಸನ್ 2001ರಲ್ಲೇ ತೀರಿಕೊಂಡಿದ್ದರು. ಉತ್ತರ ಕೊಡಲು ಅವರಿರಲಿಲ್ಲ. ‘ಟ್ಯಾಕ್ಸ್‌ಮನ್’ ಹಾಡಿನ ಗಿಟಾರ್ ಸೋಲೊ ಹ್ಯಾರಿಸನ್‌ಗೆ ಒಲಿಯಲಿಲ್ಲ, ಕೊನೆಗೆ ಮೆಕಾರ್ಟ್ನಿ ನುಡಿಸಿದರು ಎಂದು ಪುಸ್ತಕ ಹೇಳುತ್ತದೆ. ಮೆಕಾರ್ಟ್ನಿ ನುಡಿಸಿದ್ದು ಖಚಿತ, ಹ್ಯಾರಿಸನ್ನರೇ ಒಪ್ಪಿದ್ದಾರೆ. ಆದರೆ ಅದು ತಮಗೆ ಸಂತೋಷವೇ ಆಗಿತ್ತು, ತಮಗೋಸ್ಕರ ಪಾಲ್ ಅದರಲ್ಲಿ ಸ್ವಲ್ಪ ಭಾರತೀಯ ಛಾಯೆಯನ್ನೂ ತಂದರು ಎಂಬ ಅರ್ಥದಲ್ಲಿ ಅವರು ನೆನಪಿಸಿಕೊಂಡಿದ್ದರು. ಘಟನೆ ಒಂದೇ. ಒಬ್ಬರಿಗೆ ಅದು ಗೆಳೆಯನ ಸೋಲು, ಅನುಭವಿಸಿದವರಿಗೆ ಗೆಳೆಯನ ಉಡುಗೊರೆ. ಇಂಥ ಕಡೆ ನಾನು ಹ್ಯಾರಿಸನ್ ಮಾತಿಗೇ ಹೆಚ್ಚು ತೂಕ ಕೊಡುತ್ತೇನೆ.

1968ರ ‘ವೈಟ್ ಆಲ್ಬಮ್’ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಆ ಮುದ್ರಣ ಮೇ 30ರಿಂದ ಅಕ್ಟೋಬರ್ 14ರವರೆಗೆ, ನಾಲ್ಕೂವರೆ ತಿಂಗಳು ನಡೆಯಿತು. ತಂಡದೊಳಗಿನ ಕಿರಿಕಿರಿ ತಾಳಲಾರದೆ ಎಮೆರಿಕ್ ಜುಲೈ 16ರಂದು ನಡುವೆಯೇ ಎದ್ದುಹೋದರು. ಅವರ ಪುಸ್ತಕ ಓದಿದವರಿಗೆ ಇಡೀ ಆಲ್ಬಮ್ಮೇ ಯುದ್ಧಭೂಮಿಯಲ್ಲಿ ಹುಟ್ಟಿತೆಂಬ ಭಾವನೆ ಬರುತ್ತದೆ. ಅವರ ಜಾಗಕ್ಕೆ ಬಂದ ಕೆನ್ ಸ್ಕಾಟ್ ಅದೇ ಆಲ್ಬಮ್ಮಿನ ದಿನಗಳನ್ನು ಖುಷಿಯಿಂದ ನೆನೆಯುತ್ತಾರೆ. 2018ರಲ್ಲಿ ಹೊರಬಂದ ಹಳೆಯ ಟೇಕುಗಳಲ್ಲಿ ನಾಲ್ವರೂ ನಗುತ್ತ, ಹರಟುತ್ತ ನುಡಿಸುವುದು ಕೇಳುತ್ತದೆ. ಹಾಗೆಂದು ಎಮೆರಿಕ್ ಸುಳ್ಳು ಹೇಳಿದರೆನ್ನಲಾಗದು; ಮುದ್ರಣದ ನಡುವೆ ಎದ್ದುಹೋಗುವಷ್ಟು ನೋವಾಗಿದ್ದಕ್ಕೆ ಕಾರಣ ಇದ್ದೇ ಇರುತ್ತದೆ. ಆದರೆ ಅವರು ಕಂಡದ್ದು ಮೊದಲ ಒಂದೂವರೆ ತಿಂಗಳು ಮಾತ್ರ. ಇಡೀ ಆಲ್ಬಮ್ಮಿನ ಮನಃಸ್ಥಿತಿಗೆ ಅದನ್ನೇ ಹಿಗ್ಗಿಸಿ ಹೊದಿಸಿದ್ದು ನಂತರದ ಓದುಗರ, ಬರಹಗಾರರ ತಪ್ಪು.

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ನೆನಪು ಇಷ್ಟು ಇಕ್ಕಟ್ಟಿನದಾದರೆ ದಾಖಲೆಗಳೇ ಸಾಲದೇ? ಇಎಂಐ ಪ್ರತಿ ಟೇಪಿನ ಡಬ್ಬದ ಮೇಲೂ ದಿನಾಂಕ, ಹಾಡು, ಟೇಕಿನ ಸಂಖ್ಯೆ ಬರೆದಿಡುತ್ತಿತ್ತು. ಲೂಯಿಸನ್ ಪುಸ್ತಕ ನಿಂತದ್ದೇ ಆ ಶಿಸ್ತಿನ ಮೇಲೆ. ಸಾಲದು. ಏಳನೇ ಟೇಕು ಎಂದು ಡಬ್ಬ ಹೇಳುತ್ತದೆ. ಡ್ರಮ್ಮಿನೊಳಗೆ ಸ್ವೆಟರ್ ಇತ್ತೆಂದು ಹೇಳುವುದಿಲ್ಲ. ‘ಎ ಡೇ ಇನ್ ದ ಲೈಫ್’ ಹಾಡಿನ ಕೊನೆಯಲ್ಲಿ ಹಲವು ಪಿಯಾನೊಗಳ ಮೇಲೆ ಒಟ್ಟಿಗೆ ಬಿದ್ದ ಸ್ವರ ನಲವತ್ತು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತದೆ. ಸ್ವರ ಕ್ಷೀಣಿಸಿದಂತೆಲ್ಲ ಎಮೆರಿಕ್ ಫೇಡರುಗಳನ್ನು ಮೇಲಕ್ಕೆ ತಳ್ಳುತ್ತ ಹೋದರು. ತುದಿಯಲ್ಲಿ ಕೋಣೆಯ ಗಾಳಿಯ ಸದ್ದೂ ಕುರ್ಚಿಯೊಂದರ ಕಿರಕಿರವೂ ಕೇಳುವುದು ಅದಕ್ಕೇ. ಆ ಕೈಯ ಚಲನೆ ಯಾವ ಕಡತದಲ್ಲೂ ಇಲ್ಲ. ಕೇಳಿದರೆ ಕೈಯವರೇ ಹೇಳಬೇಕು.

ನಮ್ಮಲ್ಲಿ ಹಾಗೆ ಕೇಳಿದವರು ಅಪರೂಪ ಎಂಬುದು ನನ್ನ ಸಂಕಟ. ಅರವತ್ತು, ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಹೆಚ್ಚಿನವು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾದವು. ಬೆಂಗಳೂರಿನಲ್ಲಿ ಶಂಕರ್ ನಾಗ್ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಎಂಬತ್ತರ ದಶಕದಲ್ಲಿ. ಹಾಡಿದವರ, ರಾಗ ಹಾಕಿದವರ, ಬರೆದವರ ನೆನಪುಗಳು ನಮ್ಮಲ್ಲಿ ಅಷ್ಟಿಷ್ಟಾದರೂ ಅಚ್ಚಾಗಿವೆ. ಟೈಟಲ್ ಕಾರ್ಡಿನಲ್ಲಿ ‘ಧ್ವನಿಗ್ರಹಣ’ ಎಂದು ಒಂದು ಕ್ಷಣ ಬಂದುಹೋಗುವ ಹೆಸರುಗಳವರನ್ನು ಮಾತನಾಡಿಸಿದ್ದು ತೀರಾ ಕಡಿಮೆ. ಸಿನಿಮಾ ಮತ್ತು ಸಂಗೀತದ ಬಗ್ಗೆ ಬರೆಯುವವರು, ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗೆ ವಿಷಯ ಹುಡುಕುತ್ತಿರುವವರು ಆ ತಲೆಮಾರಿನಲ್ಲಿ ಉಳಿದಿರುವವರ ಮನೆಗೆ ದಯವಿಟ್ಟು ಹೋಗಿ. ಯಾವ ಗಾಯಕ ಸಿಡುಕುತ್ತಿದ್ದ ಎಂಬುದು ಆಮೇಲಿರಲಿ. ಮೈಕು ಎಲ್ಲಿತ್ತು, ಎಷ್ಟು ಟ್ರ್ಯಾಕಿತ್ತು, ಪಿಟೀಲಿನವರನ್ನು ಎಲ್ಲಿ ಕೂರಿಸುತ್ತಿದ್ದಿರಿ ಎಂದು ಮೊದಲು ಕೇಳಿ ಬರೆದುಕೊಳ್ಳಿ.